ಎಲ್‌ಪಿ ತೊಳೆಯುವ ನೀರನ್ನು ಅರಗಿನ ಪ್ಲೇಟಿಗೆ ಹಾಕಬೇಡಿ

ಅಜ್ಜನ ಕಾಲದ ಗ್ರಾಮಫೋನ್ ಪ್ಲೇಟುಗಳನ್ನು ಹೊಸ ಟರ್ನ್‌ಟೇಬಲ್ ಮೇಲೆ ಕೇಳುವ ಆಸೆಯಿದ್ದರೆ, ಬಾಟಲಿಯ ಮುಚ್ಚಳ ತೆಗೆಯುವ ಮೊದಲು ಇದನ್ನು ಓದಿ. ಒಂದು ಮನೆಗೆ ಡಿಜೆ ಸೆಟ್ ಬಂತು. ಅದರ ಬೆನ್ನಿಗೇ ಅಟ್ಟದಿಂದ 78ರ (ನಿಮಿಷಕ್ಕೆ 78 ಸುತ್ತು ತಿರುಗುವ) ಪ್ಲೇಟುಗಳೂ ಇಳಿದವು. ಎಲ್‌ಪಿಗೆಂದು, ಅಂದರೆ ವಿನೈಲ್ ಪ್ಲಾಸ್ಟಿಕ್ಕಿನ ಪ್ಲೇಟಿಗೆಂದು, ಕಲಸಿಟ್ಟಿದ್ದ ಐಸೊಪ್ರೊಪೈಲ್ ಆಲ್ಕೋಹಾಲ್ ನೀರನ್ನೇ ಅವಕ್ಕೂ ಸವರಿದರು. ಬಿಳಿ ಬಟ್ಟೆಗೆ ಕಪ್ಪು ಹತ್ತಿತು. ಕೊಳೆ ಬಿಡುತ್ತಿದೆ ಎಂದುಕೊಂಡು ಇನ್ನಷ್ಟು ಉಜ್ಜಿದರು. ಬಿಡುತ್ತಿದ್ದದ್ದು ಪ್ಲೇಟಿನ ಮೈಯೇ! ಒಣಗಿದ ಮೇಲೆ ಹೊಳಪು ಹೋಗಿ ಮಂಕಾಗಿತ್ತು, ಬಟ್ಟೆಯ ಎಳೆಗಳು ಗೆರೆಗಳೊಳಗೆ ಅಂಟಿ ಕೂತಿದ್ದವು. ಮುಳ್ಳು ಇಟ್ಟರೆ ಹಾಡಿಗಿಂತ ಸುಯ್ಯೆನ್ನುವ ಸದ್ದೇ ಜಾಸ್ತಿ. ಇದಕ್ಕೆ ರಿಪೇರಿ ಇಲ್ಲ.

78ರ ಪ್ಲೇಟೆಂದರೆ ಅರಗು; ಅದಕ್ಕೆ ಕಲ್ಲಿನ ಪುಡಿ, ಹತ್ತಿಯ ನಾರು, ಕಪ್ಪು ಬಣ್ಣ ಬೆರೆಸಿ ಬಿಸಿಯಲ್ಲಿ ಒತ್ತಿರುತ್ತಾರೆ. ಬಡಗಿಗಳು ಅರಗಿನ ಚಕ್ಕೆಯನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ ಬಾಗಿಲಿಗೆ ಪಾಲಿಷ್ ಹೊಡೆಯುತ್ತಾರಲ್ಲ, ಅದೇ ಕರಗುವಿಕೆ ಇಲ್ಲಿ ಹಾಡು ಕೂತಿರುವ ಗೆರೆಯ ಮೇಲೆ ನಡೆಯುತ್ತದೆ. ವಿನೈಲಿನ ಎಲ್‌ಪಿಗೆ ನಾಲ್ಕು ಪಾಲು ಡಿಸ್ಟಿಲ್ಡ್ ವಾಟರಿಗೆ ಒಂದು ಪಾಲು ಆಲ್ಕೋಹಾಲ್ ಹಾಕಿದರೆ ತೊಂದರೆಯಿಲ್ಲ. ಅರಗಿಗೆ ಹನಿಯೂ ಬೇಡ. ಕೆಲವು ರೆಡಿಮೇಡ್ ಕ್ಲೀನರುಗಳಲ್ಲೂ ಆಲ್ಕೋಹಾಲ್ ಇರುತ್ತದೆ, ಬಾಟಲಿ ತಿರುಗಿಸಿ ಓದಿ.

ನಮ್ಮಲ್ಲಿ ಈ ಎಡವಟ್ಟು ಸುಲಭವಾಗಿ ಆಗುತ್ತದೆ. ಕಲ್ಕತ್ತದ ದಮ್‌ದಮ್ ಕಾರ್ಖಾನೆಯಲ್ಲಿ 1960ರ ದಶಕದಲ್ಲೂ 78ರ ಪ್ಲೇಟು ಒತ್ತುತ್ತಿದ್ದರು, ಹಾಗಾಗಿ ಒಂದೇ ಪೆಟ್ಟಿಗೆಯಲ್ಲಿ ಅರಗಿನದೂ ವಿನೈಲಿನದೂ ಬೆರೆತಿರುತ್ತವೆ. ಲೇಬಲ್ ಮೇಲೆ 78 ಎಂದಿದ್ದರೆ ಅರಗಿನದೆಂದೇ ತಿಳಿಯಿರಿ. ಹತ್ತಿಂಚು ಅಗಲ, ಕೈಗೆ ಭಾರ, ಒಂದು ಬದಿಗೆ ಸುಮಾರು ಮೂರು ನಿಮಿಷ. ಬಾಗುತ್ತದೋ ಎಂದು ಮಾತ್ರ ಪರೀಕ್ಷಿಸಬೇಡಿ, ಲಟ್ಟನೆ ಮುರಿಯುತ್ತದೆ.

ಅರಗಿನ ಪ್ಲೇಟು ತೊಳೆಯಲು ಅರ್ಧ ಲೀಟರ್ ತಣ್ಣನೆಯ ಡಿಸ್ಟಿಲ್ಡ್ ವಾಟರಿಗೆ ಪಾತ್ರೆ ತೊಳೆಯುವ ಸೋಪಿನ ದ್ರವ ಎರಡು ಹನಿ ಸಾಕು. (ಬ್ಯಾಟರಿ ಅಂಗಡಿಯಲ್ಲಿ ಕೊಳ್ಳುವುದಾದರೆ ಕೊಟ್ಟದ್ದು ಆಸಿಡ್ ಅಲ್ಲ ತಾನೇ ಎಂದು ನೋಡಿಕೊಳ್ಳಿ.) ಮೊದಲು ಒಣ ಬ್ರಷ್ಷಿನಿಂದ ಧೂಳು ತೆಗೆಯಿರಿ, ಇಲ್ಲದಿದ್ದರೆ ಅದೇ ಕೆಸರಾಗಿ ಗೆರೆಯೊಳಗೆ ಇಳಿಯುತ್ತದೆ. ಆಮೇಲೆ ಮೆತ್ತನೆಯ ಬ್ರಷ್ಷನ್ನು ಅದ್ದಿ ಗೆರೆ ಸುತ್ತುವ ದಿಕ್ಕಿನಲ್ಲೇ ಆಡಿಸಿ. ಲೇಬಲ್ ನೆನೆಯಕೂಡದು. ನೆನೆಸಿಡಬೇಡಿ, ಒಳಗಿನ ನಾರು ನೀರು ಕುಡಿಯುತ್ತದೆ. ಬರೀ ನೀರಿನಲ್ಲಿ ಇನ್ನೊಮ್ಮೆ ಒರೆಸಿ, ಕೂಡಲೇ ಮೈಕ್ರೋಫೈಬರ್ ಬಟ್ಟೆಯಿಂದ ಒತ್ತಿ ಒಣಗಿಸಿ. ಬಿಸಿಲಿಗೆ ಇಟ್ಟರೆ ಬಾಗುತ್ತದೆ.

ತೊಳೆದದ್ದು ಸರಿಯಾದರೂ ಮುಳ್ಳು ತಪ್ಪಾದರೆ ಶ್ರಮವೆಲ್ಲ ವ್ಯರ್ಥ. ಡಿಜೆ ಕಾರ್ಟ್ರಿಜ್ಜಿನ (ಮುಳ್ಳು ಕೂರುವ ಭಾಗ) ಉರುಟು ಮುಳ್ಳಿನ ತುದಿ ಸುಮಾರು 18 ಮೈಕ್ರಾನ್, 78ರ ಗೆರೆಗೆ ಬೇಕಾದದ್ದು ಸುಮಾರು 75. ಸಣ್ಣ ತುದಿ ಗೆರೆಯ ತಳಕ್ಕೆ ಬಿದ್ದು ಅಲ್ಲಿನ ಕಸವನ್ನು ಕೆರೆಯುತ್ತದೆ, ಕಲ್ಲಿನ ಪುಡಿಗೆ ತಾನೂ ಬೇಗ ಸವೆಯುತ್ತದೆ. ಆಡಿಯೋ-ಟೆಕ್ನಿಕಾದ ವಿಎಂ95 ಸಾಲಿನಲ್ಲಿ 78ಕ್ಕೆಂದೇ ಬೇರೆ ಮುಳ್ಳಿದೆ, ಅದು ಪ್ಲೇಟಿನ ಮೇಲೆ ಒತ್ತಬೇಕಾದ ಭಾರ 5 ಗ್ರಾಂ. ಅದೇ ಸಾಲಿನ ವಿಎಂ95ಇ ಎಲ್‌ಪಿ ಮುಳ್ಳಿಗೆ 2 ಗ್ರಾಂ. ಮುಳ್ಳು ಬದಲಿಸಿದಾಗಲೆಲ್ಲ ಟೋನ್‌ಆರ್ಮ್ (ಮುಳ್ಳನ್ನು ಹೊತ್ತ ತೋಳು) ಹಿಂದಿನ ತೂಕವನ್ನೂ ಹೊಂದಿಸಿ. 78ರ ಮುಳ್ಳನ್ನು ಎಲ್‌ಪಿ ಮೇಲೆ ಇಟ್ಟಿರೋ, ಎಲ್‌ಪಿ ಹೋಯಿತು.

ಟೆಕ್ನಿಕ್ಸ್ ಎಸ್‌ಎಲ್-1200 ಎಂಕೆ2ನಂಥ ಟರ್ನ್‌ಟೇಬಲ್‌ನಲ್ಲಿ 33 ಮತ್ತು 45ರ ವೇಗ ಮಾತ್ರ ಇವೆ. ಅದರಲ್ಲಿ ಪ್ಲೇಟನ್ನು 45ಕ್ಕೆ ಓಡಿಸಿ ಕಂಪ್ಯೂಟರಿಗೆ ರೆಕಾರ್ಡ್ ಮಾಡಿಕೊಂಡು, ಆಡಾಸಿಟಿ ಎಂಬ ಸಾಫ್ಟ್‌ವೇರಿನಲ್ಲಿ ವೇಗವನ್ನು 78ಕ್ಕೆ ಏರಿಸಬಹುದು. ಸ್ಕ್ರಾಚ್, ಹಿಂದಕ್ಕೆ ತಿರುಗಿಸುವುದು ಅರಗಿನ ಮೇಲೆ ಬೇಡವೇ ಬೇಡ. ಮಿಕ್ಸ್‌ಗೆ ಆ ರೆಕಾರ್ಡ್ ಮಾಡಿದ ಫೈಲನ್ನೇ ಬಳಸಿ.