ಹಕ್ಕಿಜ್ವರದ ಸ್ವಾಬ್ ಕಿಟ್: ಕೆರೆಗೆ ಯಾವ ವಯಲ್ ಒಯ್ಯಬೇಕು?

ಗದಗ ಜಿಲ್ಲೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಬಂದಿಳಿಯುತ್ತವೆ. ಇಂಥ ಕೆರೆಗಳಲ್ಲಿ ಹಕ್ಕಿಜ್ವರದ ಮಾದರಿ ತೆಗೆಯುವವರು ಕಿಟ್ ಕೊಳ್ಳುವಾಗ ಮೊದಲು ವಯಲ್‌ನೊಳಗಿನ (ಸ್ವಾಬ್ ಮುಳುಗಿಸಿಡುವ ಪುಟ್ಟ ಶೀಶೆಯೊಳಗಿನ) ದ್ರವ ಯಾವುದೆಂದು ನೋಡಬೇಕು. ಎರಡು ಬಗೆ ಸಿಗುತ್ತವೆ. ಹೊರಗಿನಿಂದ ಎರಡೂ ಹೆಚ್ಚುಕಡಿಮೆ ಒಂದೇ.

ಗ್ವಾನಿಡಿನ್ ಎಂಬ ರಾಸಾಯನಿಕ ಇರುವ ದ್ರವ ವೈರಸ್ಸನ್ನು ಕೊಂದು ಅದರ ಆರ್‌ಎನ್‌ಎ, ಅಂದರೆ ಜೀನ್ ವಸ್ತು, ಮಾತ್ರ ಉಳಿಸುತ್ತದೆ. ಸಾಗಿಸುವವರಿಗೆ ಅಪಾಯ ಕಡಿಮೆ, ಪಿಸಿಆರ್‌ಗೂ ಜೀನ್ ಓದುವುದಕ್ಕೂ ಸಾಕು. ಚೆಲ್ಲಿದರೆ ಮಾತ್ರ ಬ್ಲೀಚ್ ಹಾಕಲೇಬೇಡಿ, ವಿಷಾನಿಲ ಏಳುತ್ತದೆ. ಆದರೆ ಈ ವೈರಸ್ಸು ಮನುಷ್ಯರ ಶ್ವಾಸನಾಳದ ಆಲ್ಫಾ 2,6 ಗ್ರಾಹಕಕ್ಕೆ (ಜೀವಕೋಶದ ಮೇಲೆ ವೈರಸ್ ಅಂಟುವ ಕೊಂಡಿಗೆ) ನಿಜಕ್ಕೂ ಅಂಟುತ್ತದೆಯೇ, ಹಕ್ಕಿಗಳ ಆಲ್ಫಾ 2,3ಕ್ಕಷ್ಟೇ ಸೀಮಿತವೇ ಎಂದು ಆ ವೈರಸ್ಸಿನಲ್ಲೇ ನೇರವಾಗಿ ಪರೀಕ್ಷಿಸಲು ಅದನ್ನು ಬೆಳೆಸಬೇಕು, ಬೆಳೆಸಲು ಜೀವಂತ ವೈರಸ್ಸೇ ಬೇಕು. ಸಾಂಕ್ರಾಮಿಕದ ಅಪಾಯ ಅಳೆಯುವ ಕೆಲಸದ ಜೀವಾಳ ಇದು. ಹಾಗಾಗಿ ನಮ್ಮ ಆಯ್ಕೆ ಎರಡನೇ ಬಗೆ, ವೈರಸ್ಸನ್ನು ಜೀವಂತ ಉಳಿಸುವ ಸಾಗಣೆ ದ್ರವ ವಿಟಿಎಂ (ವೈರಲ್ ಟ್ರಾನ್ಸ್‌ಪೋರ್ಟ್ ಮೀಡಿಯಂ).

ಅಲ್ಲೂ ಒಂದು ತೊಡಕಿದೆ. ಮನುಷ್ಯರ ಗಂಟಲು ಮಾದರಿಗೆಂದು ಮಾಡಿದ ವಿಟಿಎಂ ಹಿಕ್ಕೆಗೆ ಸಾಲದು. ಹಕ್ಕಿಯ ಗಂಟಲ ಸ್ವಾಬ್‌ಗೆ ಮಿಲಿಲೀಟರಿಗೆ 2,000 ಯೂನಿಟ್ ಪೆನಿಸಿಲಿನ್ ಸಾಕು. ಹಿಕ್ಕೆ, ಗುದದ್ವಾರದ ಸ್ವಾಬ್‌ಗೆ ಅದರ ಐದು ಪಟ್ಟು, ಅಂದರೆ 10,000 ಬೇಕು. ಸ್ಟ್ರೆಪ್ಟೊಮೈಸಿನ್ನೂ ಹಾಗೆಯೇ, 2 ಮಿಲಿಗ್ರಾಂ ಇದ್ದದ್ದು 10 ಆಗಬೇಕು. ಕಡಿಮೆಯಾದರೆ ಬ್ಯಾಕ್ಟೀರಿಯಾ ಬೆಳೆದು, ವೈರಸ್ ಬೆಳೆಸಲು ಇಟ್ಟ ಕೋಳಿಮೊಟ್ಟೆಯ ಭ್ರೂಣವೇ ಸಾಯುತ್ತದೆ. ಲೇಬಲ್‌ನಲ್ಲಿ ಬರೀ ‘ಆ್ಯಂಟಿಬಯಾಟಿಕ್ ಇದೆ’ ಎಂದಿದ್ದರೆ ಪ್ರಮಾಣ ಕೇಳಿ. ಪ್ರಮಾಣ ಹೇಳದವರ ಕಿಟ್ ಬೇಡ.

ಸ್ವಾಬ್ ಪ್ಲಾಸ್ಟಿಕ್ ಕಡ್ಡಿಯದೇ ಇರಲಿ, ತುದಿ ನೈಲಾನ್ ಅಥವಾ ಡ್ಯಾಕ್ರಾನ್. ಮರದ ಕಡ್ಡಿಯ ರಾಸಾಯನಿಕ ಪಿಸಿಆರ್‌ಗೆ ಅಡ್ಡಿ. ಹಿಂಡು ಎದ್ದುಹೋದ ಮೇಲೆ ಇನ್ನೂ ಒದ್ದೆಯಿರುವ ಹಿಕ್ಕೆಯನ್ನೇ ಆರಿಸಿ, ತುದಿಗೆ ತೆಳ್ಳಗೆ ಹತ್ತುವಷ್ಟು ಸಾಕು. ಮುದ್ದೆಯಾಗಿ ಮೆತ್ತಿದರೆ ಪಿಸಿಆರ್ ಕೆಡುತ್ತದೆ. ಎನ್95 ಮಾಸ್ಕ್, ಗ್ಲೌಸ್, ಕನ್ನಡಕ ಇಲ್ಲದೆ ಇಳಿಯಬೇಡಿ.

ತೆಗೆದ ಮಾದರಿ 4 ಡಿಗ್ರಿಯಲ್ಲಿ ನಾಲ್ಕು ದಿನ ತಡೆಯುತ್ತದೆ. ಹಕ್ಕಿಜ್ವರ ಪರೀಕ್ಷಿಸುವ ಭೋಪಾಲ್‌ನ ಪ್ರಯೋಗಾಲಯಕ್ಕೆ ಅಷ್ಟರಲ್ಲಿ ಮುಟ್ಟದಿದ್ದರೆ ಮೈನಸ್ 80ಕ್ಕೆ ಹಾಕಬೇಕು. ಮನೆಬಳಕೆಯ ಫ್ರೀಜರ್ ಬೇಡ, ಹೆಪ್ಪುಗಟ್ಟಿ ಕರಗಿದಷ್ಟೂ ವೈರಸ್ ಸಾಯುತ್ತದೆ.

ಕಿಟ್ ಜೊತೆ ಕೊಡುವ, ಸ್ಥಳದಲ್ಲೇ ಗೆರೆ ಮೂಡಿಸಿ ವೈರಸ್ ಪತ್ತೆಮಾಡುವ ಆ್ಯಂಟಿಜೆನ್ ಪಟ್ಟಿಗೆ ಪ್ರತ್ಯೇಕ ದುಡ್ಡು ಕೊಡಬೇಡಿ. ಸತ್ತ ಹಕ್ಕಿಯಲ್ಲಿ ವೈರಸ್ ಹೇರಳವಾಗಿದ್ದಾಗ ಅದು ಗೆರೆ ತೋರಿಸೀತು. ಆರೋಗ್ಯವಾಗಿ ಈಜುತ್ತಲೇ ವೈರಸ್ ಹೊರಹಾಕುವ ಬಾತುಗಳಲ್ಲಿ ಅದರ ‘ನೆಗೆಟಿವ್’ ನಂಬುವಂಥದ್ದಲ್ಲ.