ಉಪ್ಪುನೀರಲ್ಲಿ ಏಳು ವರ್ಷ: ನನ್ನ 9.9 ಎಚ್‌ಪಿ ಔಟ್‌ಬೋರ್ಡ್ ಎಂಜಿನ್

ಉಡುಪಿ ಜಿಲ್ಲೆಯ ಗಂಗೊಳ್ಳಿ ಅಳಿವೆಯ ಹತ್ತಿರ ನಮ್ಮ ಮನೆ. ಹದಿನೆಂಟು ಅಡಿಯ ಫೈಬರ್ ದೋಣಿ, ಅದರ ಹಿಂಬದಿಗೆ ಹೊರಗಡೆ ತೂಗುಹಾಕುವ 9.9 ಎಚ್‌ಪಿಯ ಟೂ ಸ್ಟ್ರೋಕ್ ಪೆಟ್ರೋಲ್ ಎಂಜಿನ್. 2018ರಲ್ಲಿ ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ಬಲೆ ಬಿಡಲು, ಗಾಳ ಹಾಕಲು, ನೆಂಟರು ಬಂದರೆ ಕುದ್ರು (ಹೊಳೆ ನಡುವಿನ ನಡುಗಡ್ಡೆ) ತೋರಿಸಲು ವಾರಕ್ಕೆ ಮೂರ್ನಾಲ್ಕು ದಿನ ಓಡುತ್ತದೆ. ಹತ್ತು ಎಚ್‌ಪಿ ಒಳಗಿನದನ್ನೇ ಆರಿಸಿದ್ದಕ್ಕೆ ಕಾರಣ ಇದೆ. ಜೂನ್ 1ರಿಂದ ಜುಲೈ 31ರವರೆಗಿನ ಮೀನುಗಾರಿಕೆ ನಿಷೇಧ ಇಂಥ ಸಣ್ಣ ದೋಣಿಗಳಿಗೆ ಇಲ್ಲ.

ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ, ಸದ್ದೂ ಜಾಸ್ತಿ. ಆದರೂ ಇನ್ನೊಂದು ಸಲ ಇದನ್ನೇ ಕೊಳ್ಳುತ್ತೇನೆ. ನಾಲ್ಕು ಸ್ಪ್ಯಾನರ್, ಒಂದು ಪ್ಲಗ್ ಪಾನಾ ಇದ್ದರೆ ಮುಕ್ಕಾಲು ಪಾಲು ಕೆಲಸ ಮನೆಯಲ್ಲೇ ಆಗುತ್ತದೆ.

ಎಲ್ಲಕ್ಕಿಂತ ದೊಡ್ಡ ಉಪಾಯ ಸಿಹಿನೀರಿನ ಡ್ರಮ್. ಇನ್ನೂರು ಲೀಟರಿನ ನೀಲಿ ಪ್ಲಾಸ್ಟಿಕ್ ಡ್ರಮ್ಮಿನ ಮೇಲ್ಭಾಗ ಕತ್ತರಿಸಿ ಅಂಗಳದಲ್ಲಿ ಇಟ್ಟುಕೊಂಡಿದ್ದೇನೆ. ಪಕ್ಕದಲ್ಲಿ ಎಂಜಿನ್ ತೂಗುಹಾಕಲು ಮರದ ಸ್ಟ್ಯಾಂಡ್. ದೋಣಿ ಮುಂದೂಡುವ ಫ್ಯಾನಿನ ಮೇಲಿರುವ ಅಗಲದ ಪ್ಲೇಟ್ ಮುಳುಗುವಷ್ಟು ನೀರು ತುಂಬಿ, ನ್ಯೂಟ್ರಲ್‌ನಲ್ಲಿ ಹತ್ತು ನಿಮಿಷ ನಿಧಾನಕ್ಕೆ ಓಡಿಸುತ್ತೇನೆ. ಒಳಗಿನ ಉಪ್ಪು ತೊಳೆದು ಹೋಗುತ್ತದೆ. ಕೊನೆಗೆ ಪೆಟ್ರೋಲ್ ಪೈಪ್ ಕಳಚಿದರೆ ಕಾರ್ಬುರೇಟರಿನಲ್ಲಿ ಉಳಿದದ್ದು ಮುಗಿದು ಎಂಜಿನ್ ತಾನಾಗಿ ನಿಲ್ಲುತ್ತದೆ. ಈಗಿನ ಎಥನಾಲ್ ಬೆರೆತ ಪೆಟ್ರೋಲ್ ನೀರು ಎಳೆದುಕೊಳ್ಳುತ್ತದೆ. ಅದನ್ನು ಕಾರ್ಬುರೇಟರಿನಲ್ಲಿ ವಾರಗಟ್ಟಲೆ ಬಿಡಬಾರದು. ಒಂದು ಮಾತು: ಏಪ್ರಿಲ್ ಮೇ ಹೊತ್ತಿಗೆ ನಮ್ಮ ಕಡೆ ಬಾವಿ ನೀರೂ ಉಪ್ಪಾಗುತ್ತದೆ. ಡ್ರಮ್ ತುಂಬುವ ಮುಂಚೆ ಒಂದು ಹನಿ ನಾಲಿಗೆಗೆ ಹಾಕಿ ನೋಡಿ.

ಎಂಜಿನ್ ಓಡುವಾಗ ಹಿಂದಿನ ಸಣ್ಣ ತೂತಿನಿಂದ ಪಿಚಕಾರಿ ಥರ ನೀರು ಚಿಮ್ಮಬೇಕು. ಎಂಜಿನ್ ತಣ್ಣಗಿಡಲು ನೀರೆತ್ತುವ ಪಂಪು ಕೆಲಸ ಮಾಡುತ್ತಿದೆ ಅಂತ ಗೊತ್ತಾಗುವುದೇ ಅದರಿಂದ. 2021ರ ಮಳೆಗಾಲದಲ್ಲಿ ಅಮ್ಮನಿಗೆ ಹುಷಾರಿಲ್ಲದೆ ಎರಡು ತಿಂಗಳು ದೋಣಿ ಇಳಿಸಲಿಲ್ಲ. ಆಮೇಲೆ ಸ್ಟಾರ್ಟ್ ಮಾಡಿದರೆ ಒಂದು ಹನಿಯೂ ಬರಲಿಲ್ಲ. ಒಬ್ಬ ಮೆಕ್ಯಾನಿಕ್ ಬಂದು, ಪಂಪು ಹೋಗಿದೆ, ಹೆಡ್ ಕೂಡ ಬಿಚ್ಚಬೇಕು, ಹನ್ನೆರಡು ಸಾವಿರ ಆಗುತ್ತದೆ ಅಂದ. ನಾನು ದುಡ್ಡು ಹೊಂದಿಸುವ ಯೋಚನೆಯಲ್ಲಿದ್ದೆ. ಪಕ್ಕದ ಮನೆಯ ಬಾವ ಬಂದವರು, "ಮೊದ್ಲ್ ಆ ತೂತ್ ಕಾಣ್ ಮಾರಾಯ" ಅಂದರು. ಸಣ್ಣ ತಂತಿ ತೂರಿಸಿ ತಿರುಗಿಸಿದೆ. ಒಣಗಿದ ಮಣ್ಣು ಪುಡಿಪುಡಿಯಾಗಿ ಅಂಗೈಗೆ ಉದುರಿತು, ಜೊತೆಗೆ ಒಂದು ಒಣಕಲು ಹುಳ. ಕುಂಬಾರ ಹುಳ ಒಳಗೆ ಗೂಡು ಕಟ್ಟಿತ್ತು! ಡ್ರಮ್ಮಿಗೆ ಇಳಿಸಿ ಹಗ್ಗ ಎಳೆದರೆ ನೀರು ಮೊಳದುದ್ದ ಚಿಮ್ಮಿತು. ಆ ಸಂತೋಷ ಹೇಳಿ ಪ್ರಯೋಜನವಿಲ್ಲ. ಅವತ್ತಿನಿಂದ ಎಂಜಿನ್ ಎತ್ತಿಟ್ಟಾಗ ಆ ತೂತಿಗೆ ಬಟ್ಟೆ ತುರುಕಿ, ಮರೆಯದಂತೆ ಕೆಂಪು ದಾರ ಇಳಿಬಿಡುತ್ತೇನೆ.

ಪಂಪಿನ ಒಳಗೆ ನೀರು ತಳ್ಳುವ ರಬ್ಬರ್ ಚಕ್ರ, ಅಂದರೆ ಇಂಪೆಲ್ಲರನ್ನು ಮಾತ್ರ ವರ್ಷಕ್ಕೊಮ್ಮೆ ಬದಲಿಸಿ, ಹಳೆಯದು ಚೆನ್ನಾಗಿ ಕಂಡರೂ ಸರಿ. ನೀರಿಲ್ಲದೆ ಎಂಜಿನ್ ಓಡಿಸಿದರೆ ಅದು ಅರೆಗಳಿಗೆಯಲ್ಲಿ ಸುಟ್ಟುಹೋಗುತ್ತದೆ. ಸುಮ್ನೆ ಸದ್ದು ಕೇಳೋಣ ಅಂತಲೂ ನೀರಿಲ್ಲದೆ ಸ್ಟಾರ್ಟ್ ಮಾಡಬೇಡಿ. ಹೊಸದನ್ನು ಕೂರಿಸುವಾಗ ಸ್ವಲ್ಪ ಸೋಪುನೀರು ಸವರಿದರೆ ಸಲೀಸಾಗಿ ಒಳಹೋಗುತ್ತದೆ.

ಪೆಟ್ರೋಲಿಗೆ ಬೆರೆಸುವ ಆಯಿಲ್‌ನಲ್ಲಿ ನಾನು ಉಳಿತಾಯ ಮಾಡುವುದಿಲ್ಲ. ಸ್ಕೂಟರಿನ 2ಟಿ ಆಯಿಲ್ ಅರ್ಧ ಬೆಲೆಗೆ ಸಿಗುತ್ತದೆ ನಿಜ. ಆದರೆ ಅದು ಗಾಳಿಯಿಂದ ತಣ್ಣಗಾಗುವ ಎಂಜಿನ್‌ಗೆ ಮಾಡಿದ್ದು. ಡಬ್ಬಿಯ ಮೇಲೆ ಟಿಸಿ-ಡಬ್ಲ್ಯೂ3 (ನೀರಿನಿಂದ ತಣ್ಣಗಾಗುವ ಟೂ ಸ್ಟ್ರೋಕ್ ಎಂಜಿನ್‌ನ ಆಯಿಲ್ ಗುರುತು) ಅಂತ ಇರುವುದನ್ನೇ ತರಬೇಕು. ನನ್ನ ಎಂಜಿನ್‌ಗೆ ಲೀಟರ್ ಪೆಟ್ರೋಲಿಗೆ 20 ಮಿಲಿ ಲೆಕ್ಕ. ಅಳೆಯಲು ಔಷಧಿ ಅಂಗಡಿಯ ಸಿರಿಂಜ್ ಸಾಕು.

ಗೇರ್ ಆಯಿಲ್ ಹಾಲು ಹಾಕಿದ ಚಹಾದ ಬಣ್ಣಕ್ಕೆ ತಿರುಗಿದ್ದರೆ ಒಳಗೆ ನೀರು ಹೋಗಿದೆ ಅಂತ ಅರ್ಥ. ನನ್ನದರಲ್ಲಿ ಹಾಗಾದಾಗ ಫ್ಯಾನ್ ಬಿಚ್ಚಿ ನೋಡಿದೆ. ಹರಿದ ಬಲೆಯ ನೈಲಾನ್ ದಾರ ಶಾಫ್ಟಿಗೆ ಸುತ್ತಿಕೊಂಡು ಸೀಲನ್ನೇ ಕೊಯ್ದಿತ್ತು. ಈಗ ತಿಂಗಳಿಗೊಮ್ಮೆ ಫ್ಯಾನ್ ಬಿಚ್ಚುವುದು ತಪ್ಪಿಸುವುದಿಲ್ಲ. ಹಾಗೇ ಎಂಜಿನ್ನಿನ ಕೆಳಗಿರುವ ಸತುವಿನ ತುಂಡಿಗೆ ಯಾರೂ ಬಣ್ಣ ಬಳಿಯಬೇಡಿ. ಅಲ್ಯೂಮಿನಿಯಂಗಿಂತ ಮೊದಲು ಅದು ಸವೆಯಲಿ ಅಂತಲೇ ಅದನ್ನು ಕೂರಿಸಿರುವುದು. ಅರ್ಧ ಕರಗಿದ ಕೂಡಲೇ ಬದಲಿಸಿ. ನಾನು ಮೂರು ಬದಲಿಸಿದ್ದೇನೆ.

ಅಪ್ಪನ ಕಾಲದ ಮರದ ದೋಣಿಗೆ ಗೇರೆಣ್ಣೆ ಬಳಿದರೆ ಆಗುತ್ತಿತ್ತು. ಫೈಬರ್ ದೋಣಿಯ ಕೆಲಸ ಬೇರೆ. ಮುರಕಲ್ಲಿನ ಕಟ್ಟೆಗೆ ತಾಗಿ ನಮ್ಮದರ ಮೂತಿ ಗೇಣುದ್ದ ಬಿರಿದಿತ್ತು. ಬಿರುಕಿನ ಸುತ್ತ ಉಜ್ಜಿ, ಪೂರ್ತಿ ಒಣಗಿಸಿ, ಮ್ಯಾಟ್ (ಗಾಜಿನ ನಾರಿನ ಹಾಳೆ) ಮತ್ತು ರೆಸಿನ್ (ಗಟ್ಟಿಯಾಗುವ ಅಂಟು) ಮೂರು ಪದರ ಹಾಕಿದೆ. ಒಂದು ಎಚ್ಚರಿಕೆ: ರೆಸಿನ್ ಗಟ್ಟಿಯಾಗಲು ಬೆರೆಸುವ ಕೋಬಾಲ್ಟ್ ಮತ್ತು ಹಾರ್ಡನರ್ ಎರಡನ್ನೂ ನೇರವಾಗಿ ಸೇರಿಸಲೇಬೇಡಿ, ಸಿಡಿದು ಬೆಂಕಿ ಹತ್ತಬಹುದು. ಕೋಬಾಲ್ಟನ್ನು ಮೊದಲು ರೆಸಿನ್‌ಗೆ ಹಾಕಿ ಚೆನ್ನಾಗಿ ಕಲಸಿ, ಆಮೇಲೆ ಹಾರ್ಡನರ್. ಮಳೆಗಾಲದ ತೇವಕ್ಕೆ ಇದು ಸರಿಯಾಗಿ ಗಟ್ಟಿಯಾಗುವುದಿಲ್ಲ. ಫೆಬ್ರವರಿಯಲ್ಲಿ ಹಾಕಿದ ನನ್ನ ತೇಪೆ ಈ ಮಳೆಗಾಲ ಕಳೆದರೂ ಹನಿ ನೀರು ಬಿಟ್ಟಿಲ್ಲ. ಸ್ಟಾರ್ಟರ್ ಹಗ್ಗ ಮಾತ್ರ ನಾರು ಬಿಡುತ್ತಿದೆ, ಈ ಭಾನುವಾರ ಅದರ ಸರದಿ.