ಪೆನ್ ಸ್ಟೇಟ್ ಪಂದ್ಯಕ್ಕೆ ಹೊರಟಿದ್ದೀರಾ? ಶುಕ್ರವಾರ ರಾತ್ರಿಯ ರೂಮಿನ ಬಗ್ಗೆ ಎಚ್ಚರ

ಅಮೆರಿಕದ ಪೆನ್ಸಿಲ್ವೇನಿಯಾದ ಸ್ಟೇಟ್ ಕಾಲೇಜ್ ಊರಿಗೆ, ಅಲ್ಲಿನ ಪೆನ್ ಸ್ಟೇಟ್ ವಿಶ್ವವಿದ್ಯಾಲಯದ ಎದುರಾಳಿ ತಂಡದ ಪರವಾಗಿ ಅಮೆರಿಕನ್ ಫುಟ್‌ಬಾಲ್ ನೋಡಲು ಹೋದ ನ್ಯೂಜೆರ್ಸಿಯ ಗುಂಪೊಂದು ಶನಿವಾರ ರಾತ್ರಿ ಒಂದು ಗಂಟೆಗೆ ಹೋಟೆಲ್ ಕೌಂಟರಿನ ಮುಂದೆ ನಿಂತಿತ್ತು. ಎರಡು ರಾತ್ರಿಯ ಬಾಡಿಗೆ ಕಾರ್ಡಿನಿಂದ ಪೂರ್ತಿ ಹೋಗಿತ್ತು. ರೂಮಿನಲ್ಲಿ ಬೇರೆ ಯಾರೋ ಮಲಗಿದ್ದರು. ಜಗಳವಾಡಿ ಪ್ರಯೋಜನವಾಗಲಿಲ್ಲ, ಏಕೆಂದರೆ ಎಲ್ಲವೂ ಬುಕಿಂಗ್ ಷರತ್ತಿನಲ್ಲೇ ಇತ್ತು.

ಆದದ್ದು ಇಷ್ಟು. ಪಂದ್ಯದ ವಾರಾಂತ್ಯದಲ್ಲಿ ಇಲ್ಲಿನ ಹೆಚ್ಚಿನ ಹೋಟೆಲ್‌ಗಳು ಕನಿಷ್ಠ ಎರಡು ರಾತ್ರಿಗೇ ರೂಮು ಕೊಡುವುದು, ಅದೂ ಹಣ ವಾಪಸ್ ಇಲ್ಲದೆ. ಬೇಕಾಗಿದ್ದದ್ದು ಶನಿವಾರ ಮಾತ್ರ, ಹಾಗಾಗಿ ಗುಂಪು ಶುಕ್ರವಾರ ಬರಲೇ ಇಲ್ಲ. ಮೊದಲ ರಾತ್ರಿ ಚೆಕ್‌ಇನ್ ಆಗದಿದ್ದರೆ ಹೋಟೆಲಿನ ಕಂಪ್ಯೂಟರ್ ಅದನ್ನು 'ನೋ-ಶೋ' ಎಂದು ಗುರುತಿಸಿ, ಉಳಿದ ರಾತ್ರಿಯನ್ನೂ ರದ್ದು ಮಾಡಿಬಿಡುತ್ತದೆ. ಆ ದಿನ ಖಾಲಿಯಾದ ರೂಮು ನಿಮಿಷದಲ್ಲಿ ಮಾರಾಟವಾಗುತ್ತದೆ.

ಪರಿಹಾರ ಒಂದು ಫೋನ್ ಕರೆ. ಮಧ್ಯವರ್ತಿ ವೆಬ್‌ಸೈಟಿಗಲ್ಲ, ನೇರ ಹೋಟೆಲಿನ ಕೌಂಟರಿಗೆ. ವೆಬ್‌ಸೈಟಿನ ಸಂಖ್ಯೆ ಬಿಟ್ಟು, ಹೋಟೆಲಿನದೇ ಕನ್ಫರ್ಮೇಶನ್ ಸಂಖ್ಯೆ ಕೇಳಿ. 'ಶನಿವಾರ ನಡುರಾತ್ರಿ ದಾಟಿ ಬರುತ್ತೇವೆ, ಶುಕ್ರವಾರವೇ ಚೆಕ್‌ಇನ್ ಎಂದು ಬರೆದುಕೊಳ್ಳಿ' ಎನ್ನಿ. ಮಾತಾಡಿದವರ ಹೆಸರು ಬರೆದಿಟ್ಟುಕೊಂಡು, ಇಮೇಲ್‌ನಲ್ಲಿ ಒಂದು ಸಾಲು ತರಿಸಿಕೊಳ್ಳಿ. ಅವರು ಒಪ್ಪದಿದ್ದರೆ ಆ ಹೋಟೆಲ್ ಬಿಟ್ಟುಬಿಡಿ. ನೈಋತ್ಯಕ್ಕೆ ಐ-99 ಹೆದ್ದಾರಿಯಲ್ಲಿರುವ ಆಲ್ಟೂನಾ, 322 ಹೆದ್ದಾರಿಯ ಲೂಯಿಸ್‌ಟೌನ್, ಐ-80ರ ಕ್ಲಿಯರ್‌ಫೀಲ್ಡ್ ಎಲ್ಲವೂ ಮೂವತ್ತು-ನಲವತ್ತು ಮೈಲಿಯ ಆಸುಪಾಸಿನಲ್ಲಿವೆ. ಅಲ್ಲಿ ಒಂದೇ ರಾತ್ರಿಗೆ ರೂಮು ಸಿಗುವ ಸಾಧ್ಯತೆ ಹೆಚ್ಚು. ಮನೆಗೆ ಹೋಗುವ ದಿಕ್ಕಿನದನ್ನೇ ಆರಿಸಿ.

ಇಷ್ಟು ಬಿಗಿ ಯಾಕೆಂದರೆ ಊರಿನ ಜನಸಂಖ್ಯೆ ಸುಮಾರು 40,000, ಪಂದ್ಯ ನಡೆಯುವ ಬೀವರ್ ಸ್ಟೇಡಿಯಂನಲ್ಲಿ ಕೂರುವವರು ಲಕ್ಷಕ್ಕೂ ಮಿಕ್ಕಿ. ಜೊತೆಗೆ ಅನೇಕ ಪಂದ್ಯಗಳ ಸಮಯ ಗೊತ್ತಾಗುವುದು ಹನ್ನೆರಡು ದಿನ ಮುಂಚೆ, ಒಮ್ಮೊಮ್ಮೆ ಆರೇ ದಿನ ಮುಂಚೆ. ಅದನ್ನು ತೀರ್ಮಾನಿಸುವವರು ಟಿವಿ ವಾಹಿನಿಯವರು. ಮಧ್ಯಾಹ್ನ ಹನ್ನೆರಡರ ಪಂದ್ಯವಾದರೆ ಫಿಲಡೆಲ್ಫಿಯಾದಿಂದ ಬೆಳಗ್ಗೆ ಹೊರಟು ರಾತ್ರಿ ಮರಳಬಹುದು. ಏಳೂವರೆಯದಾದರೆ ಆಟ ಮುಗಿಯುವಾಗಲೇ ಹನ್ನೊಂದು. ಹಾಗಾಗಿ ರೂಮು ಬುಕ್ ಮಾಡುವಾಗ ರಾತ್ರಿ ಪಂದ್ಯ ಎಂದೇ ಲೆಕ್ಕ ಹಾಕಿ.

ಪಾರ್ಕಿಂಗ್ ಪಾಸನ್ನು ಮುಂಚಿತವಾಗಿ ಕೊಳ್ಳಿ, ಅಂದೇ ಕೊಂಡರೆ ದುಬಾರಿ. ಸ್ಟೇಡಿಯಂಗೆ ಹತ್ತಿರ ಎಂಬುದಕ್ಕಿಂತ ನೀವು ಬರುವ ಹೆದ್ದಾರಿಯ ಕಡೆಗಿದೆಯೇ ಎಂದು ನೋಡಿ ಲಾಟ್ (ಕಾರು ನಿಲ್ಲಿಸುವ ಮೈದಾನ) ಆರಿಸುವುದು ಜಾಣತನ. ಹಲವು ಲಾಟ್‌ಗಳು ಬರೀ ಹುಲ್ಲುಗಾವಲು. ಜೋರು ಮಳೆ ಬಿದ್ದರೆ ಕೆಸರಾಗಿ, ಮುಚ್ಚಿ ಬೇರೆಡೆಗೆ ಕಳಿಸುವುದುಂಟು. ಹೊರಡುವ ಬೆಳಗ್ಗೆ ವಿಶ್ವವಿದ್ಯಾಲಯದ ಪ್ರಕಟಣೆ ನೋಡಿಯೇ ಹೊರಡಿ.

ಗೇಟಿನಲ್ಲಿ ಸಿಕ್ಕಿಬೀಳುವುದು ಬ್ಯಾಗು. ಒಳಗೆ ಬಿಡುವುದು ಪಾರದರ್ಶಕ ಚೀಲ, ಹೆಚ್ಚೆಂದರೆ 12 ಇಂಚು ಅಗಲ, 12 ಎತ್ತರ, 6 ದಪ್ಪ. ಅಥವಾ ಒಂದು ಗ್ಯಾಲನ್‌ನ ಜಿಪ್ ಕವರ್. ಹೆಗಲ ಬ್ಯಾಗನ್ನು ಕಾರಿಗೆ ಮರಳಿಸಿ ಬರುವಷ್ಟರಲ್ಲಿ ಮೊದಲ ಕ್ವಾರ್ಟರ್ (ಆಟದ ಕಾಲುಭಾಗ) ಮುಗಿದಿರುತ್ತದೆ. ಚಿತ್ರಾನ್ನ, ಪುಳಿಯೋಗರೆ ಏನಿದ್ದರೂ ಪಂದ್ಯಕ್ಕೆ ಮುಂಚೆ ಕಾರಿನ ಬಳಿ ಸೇರಿ ಊಟ ಮಾಡುವ ಟೇಲ್‌ಗೇಟಿಂಗ್‌ನಲ್ಲೇ ತಿಂದು ಮುಗಿಸಿ. ಒಳಗೆ ಸಸ್ಯಾಹಾರಿಗಳಿಗೆ ಪ್ರೆಟ್ಜೆಲ್, ಪಾಪ್‌ಕಾರ್ನ್, ಫ್ರೆಂಚ್ ಫ್ರೈಸ್ ದಾಟಿ ಹೆಚ್ಚು ನಿರೀಕ್ಷಿಸಬೇಡಿ.

ಟಿಕೆಟು ಫೋನಿನಲ್ಲೇ. ಬೇರೆಯವರಿಂದ ಕೊಳ್ಳುವಾಗ ಸ್ಕ್ರೀನ್‌ಶಾಟ್ ಕಳಿಸುತ್ತೇನೆ ಎಂದರೆ ಹಣ ಕೊಡಬೇಡಿ. ಆ್ಯಪ್‌ನಲ್ಲಿ ನಿಮ್ಮ ಹೆಸರಿಗೆ ವರ್ಗಾವಣೆ ಆಗಲೇಬೇಕು. ಲಕ್ಷ ಫೋನುಗಳು ಒಂದೆಡೆ ಸೇರಿದಾಗ ನೆಟ್‌ವರ್ಕ್ ಕುಸಿಯುತ್ತದೆ, ಆದ್ದರಿಂದ ರೂಮು ಬಿಡುವ ಮುನ್ನವೇ ಟಿಕೆಟನ್ನು ಫೋನಿನ ವಾಲೆಟ್‌ಗೆ ಇಳಿಸಿಕೊಳ್ಳಿ. ಗುಂಪು ಚದುರಿದರೆ ಕೂಡುವ ಜಾಗವನ್ನು ಬಾಯಲ್ಲೇ ಗೊತ್ತುಮಾಡಿಕೊಂಡಿರಿ.

ಸಾಮಾನ್ಯ ಸೀಟು ಎಂದರೆ ಬೆನ್ನಿಗೆ ಆಸರೆಯಿಲ್ಲದ ತಣ್ಣನೆಯ ಬೆಂಚು, ಒಬ್ಬರಿಗೆ ಸುಮಾರು ಒಂದೂವರೆ ಅಡಿ. ಎಲ್ಲರೂ ದಪ್ಪ ಜಾಕೆಟ್ ಹಾಕಿದಾಗ ಅದೂ ಇರುವುದಿಲ್ಲ. ಊರಿಂದ ಬಂದ ಅಪ್ಪ-ಅಮ್ಮನನ್ನು ನವೆಂಬರಿನ ರಾತ್ರಿ ಪಂದ್ಯಕ್ಕೆ ಕರೆದೊಯ್ಯುವುದು ಪ್ರೀತಿಯಲ್ಲ, ಶಿಕ್ಷೆ. ಎದುರಾಳಿ ಬಣ್ಣದ ಅಂಗಿಯ ಬಗ್ಗೆ ಅಷ್ಟೇನೂ ಹೆದರಬೇಕಿಲ್ಲ. ವಿದ್ಯಾರ್ಥಿಗಳ ವಿಭಾಗದ ಬಳಿ ಮಾತ್ರ ಸೀಟು ಬೇಡ.

ಮುಗಿದ ಮೇಲೆ ಪೊಲೀಸರು ಹಲವು ರಸ್ತೆಗಳನ್ನು ಏಕಮುಖ ಮಾಡುತ್ತಾರೆ. ಆಗ ಜಿಪಿಎಸ್ ಹೇಳಿದ್ದು ನಡೆಯುವುದಿಲ್ಲ, ಬ್ಯಾಟನ್ ಹಿಡಿದವರು ತೋರಿಸಿದ ಕಡೆಗೇ ಹೋಗಬೇಕು. ಮೊದಲ ಒಂದು ಗಂಟೆ ಲಾಟ್‌ನಲ್ಲೇ ಕೂತು ಉಳಿದ ಊಟ ಮುಗಿಸಿದರೆ ಪೆಟ್ರೋಲೂ ಉಳಿಯುತ್ತದೆ, ತಲೆನೋವೂ ತಪ್ಪುತ್ತದೆ. ಆಮೇಲೆ 322ರಲ್ಲಿ ಸೆವೆನ್ ಮೌಂಟೇನ್ಸ್ ಬೆಟ್ಟ ಇಳಿಯುವಾಗ ವೇಗ ತಗ್ಗಿಸಿ: ಅಕ್ಟೋಬರ್-ನವೆಂಬರ್ ಜಿಂಕೆಗಳು ಬೆದೆಗೆ ಬರುವ ಕಾಲ, ಒಂದು ದಾಟಿದರೆ ಹಿಂದೆಯೇ ಇನ್ನೊಂದು ಇರುತ್ತದೆ.

ಇಷ್ಟಾಗಿಯೂ ರೂಮು ಕೈತಪ್ಪಿದರೆ, ರದ್ದಾದ ಗಂಟೆ ಮತ್ತು ಕಾರಣವನ್ನು ಕೌಂಟರಿನಲ್ಲೇ ಬರಹದಲ್ಲಿ ಕೇಳಿ. ಅದೇ ರೂಮನ್ನು ಮರುಮಾರಾಟ ಮಾಡಿ ನಿಮ್ಮಿಂದಲೂ ಎರಡು ರಾತ್ರಿಯ ಹಣ ಪಡೆದಿದ್ದರೆ, ಸೋಮವಾರ ಕಾರ್ಡ್ ಕಂಪನಿಗೆ ತಕರಾರು ಸಲ್ಲಿಸುವಾಗ ಆ ಕಾಗದ ಬೇಕಾಗುತ್ತದೆ.